ಬೀಗ ಮೊದಲು, ಬಲೆ ಆಮೇಲೆ: ಯಾರದೂ ಅಲ್ಲದ ಕಡಲಿನ ಮೀನು

ಕೋಲಾರ ಜಿಲ್ಲೆಗೆ ಕಡಲಿಲ್ಲ, ವರ್ಷವಿಡೀ ಹರಿಯುವ ನದಿಯೂ ಇಲ್ಲ. ಇಲ್ಲಿಂದ ಲೆಕ್ಕ ಹಾಕಿದರೆ ಮಂಗಳೂರಿಗಿಂತ ಚೆನ್ನೈನ ಕಾಶಿಮೇಡು ಬಂದರೇ ಹತ್ತಿರ. ಅಂಥ ಊರಿನಲ್ಲಿ ಕುಳಿತು ದಡದಿಂದ 370 ಕಿಲೋಮೀಟರ್ ಆಚೆಗಿನ ಮೀನಿನ ಬಗ್ಗೆ ಬರೆಯಲು ನನಗೊಂದು ಕಾರಣವಿದೆ. ಯಾರ ಒಡೆತನಕ್ಕೂ ಸೇರದ, ಕಣ್ಣಿಗೆ ಕಾಣದ, ಮತ್ತೆ ತುಂಬಿಕೊಳ್ಳಲು ತಲೆಮಾರುಗಳೇ ಬೇಕಾಗುವ ಸಂಪತ್ತನ್ನು ಪೈಪೋಟಿಗೆ ಬಿದ್ದು ಮೇಲೆತ್ತಿದರೆ ಏನಾಗುತ್ತದೆ ಎಂಬುದು ಈ ಜಿಲ್ಲೆಗೆ ಚೆನ್ನಾಗಿ ಗೊತ್ತು. ನಮ್ಮ ಕೊಳವೆಬಾವಿಗಳ ಕಥೆ ಅದೇ. ಒಬ್ಬರು 300 ಅಡಿ ಕೊರೆಸಿದರೆ ಪಕ್ಕದ ಹೊಲದವರು 600 ಅಡಿ ಕೊರೆಸಿದರು. ಈಗ 1,500 ಅಡಿಗೆ ಇಳಿದರೂ ನೀರು ಸಿಗುವ ಖಾತ್ರಿಯಿಲ್ಲ, ಸಿಕ್ಕ ನೀರಿನಲ್ಲಿ ಫ್ಲೋರೈಡ್. ಪಂಪಿಗೆ ಉಚಿತ ವಿದ್ಯುತ್ ಇದ್ದುದರಿಂದ ಎಷ್ಟು ಆಳದಿಂದ ಎತ್ತುತ್ತಿದ್ದೇವೆ ಎಂಬ ಖರ್ಚು ಯಾರನ್ನೂ ತಡೆಯಲಿಲ್ಲ. ರಾಜ್ಯದ ಅಂತರ್ಜಲ ಕಾಯ್ದೆ ಬಂದದ್ದು 2011ರಲ್ಲಿ. ಅಷ್ಟು ಹೊತ್ತಿಗೆ ಜಿಲ್ಲೆಯ ನೆಲದಡಿಯ ನೀರಿನ ದೊಡ್ಡ ಪಾಲು ಖಾಲಿಯಾಗಿತ್ತು.

ಮೊದಲು ಕೊರೆದೆವು, ನಿಯಮ ಆಮೇಲೆ ಬಂತು. ಆಳಸಮುದ್ರದಲ್ಲೂ ಕಳೆದ ಐವತ್ತು ವರ್ಷ ಇದೇ ಅನುಕ್ರಮ ನಡೆದಿದೆ. ಈಗ ಭಾರತ ಆ ಕಡಲಿಗೆ ದೊಡ್ಡ ಪ್ರಮಾಣದಲ್ಲಿ ಇಳಿಯಲು ಸಿದ್ಧವಾಗುತ್ತಿದೆ. 2025ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ ನಮ್ಮ ವಿಶೇಷ ಆರ್ಥಿಕ ವಲಯ (ಮೀನಿನ ಮೇಲೆ ನಮ್ಮ ದೇಶಕ್ಕೆ ಹಕ್ಕಿರುವ ಕಡಲು) ಮತ್ತು ಅಂತರರಾಷ್ಟ್ರೀಯ ಸಾಗರದ ಮೀನುಗಾರಿಕೆಗೆ ಹೊಸ ಚೌಕಟ್ಟು ರೂಪಿಸುವುದಾಗಿ ಸರ್ಕಾರ ಹೇಳಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನೀತಿ ಆಯೋಗ ಆಳಸಮುದ್ರ ಮೀನುಗಾರಿಕೆಯ ಕುರಿತು ವರದಿ ಹೊರತಂದಿತು. ನವೆಂಬರ್‌ನಲ್ಲಿ ವಿಶೇಷ ಆರ್ಥಿಕ ವಲಯದ ಹೊಸ ನಿಯಮಗಳು ಜಾರಿಯಾದವು. ಇಷ್ಟೆಲ್ಲ ನಡೆಯುತ್ತಿರುವಾಗ ಅನುಕ್ರಮವನ್ನು ತಿರುಗಿಸಬೇಕು, ಅಂದರೆ ಬೀಗ ಮೊದಲು ಹಾಕಿ ಬಲೆಯನ್ನು ಆಮೇಲೆ, ತಿಳಿದುಕೊಂಡಷ್ಟೇ ಇಳಿಸಬೇಕು ಎಂಬುದು ನನ್ನ ವಾದ.

ಯಾವ ಕಡಲು ಯಾರದು ಎಂಬುದನ್ನು ಮೊದಲು ನೋಡೋಣ. ದಡದಿಂದ 12 ನಾಟಿಕಲ್ ಮೈಲಿಯವರೆಗೆ ಮೀನುಗಾರಿಕೆ ರಾಜ್ಯ ಸರ್ಕಾರಗಳ ಅಧೀನ. ಅದರ ಮುಂದೆ, ದಡದಿಂದ 200 ನಾಟಿಕಲ್ ಮೈಲಿಯವರೆಗೆ, ಅಂದರೆ 370 ಕಿಲೋಮೀಟರ್‌ವರೆಗೆ, ದೇಶದ ವಿಶೇಷ ಆರ್ಥಿಕ ವಲಯ. ಅದರಾಚೆಗಿನದು ಅಂತರರಾಷ್ಟ್ರೀಯ ಸಾಗರ. ಜಗತ್ತಿನ ಸಮುದ್ರದ ಮೇಲ್ಮೈಯಲ್ಲಿ ಸುಮಾರು ಮೂರನೇ ಎರಡು ಪಾಲು. 1982ರಲ್ಲಿ ಜಮೈಕಾದ ಮಾಂಟೆಗೋ ಬೇಯಲ್ಲಿ ಸಹಿಯಾಗಿ 1994ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಅಲ್ಲಿ ಎಲ್ಲ ದೇಶಗಳಿಗೂ ಮೀನು ಹಿಡಿಯುವ ಸ್ವಾತಂತ್ರ್ಯ ಕೊಟ್ಟಿದೆ. ಜೊತೆಗೆ ಮೀನಿನ ಸಂತತಿಯನ್ನು ಉಳಿಸಲು ಪರಸ್ಪರ ಸಹಕರಿಸಬೇಕು ಎಂಬ ಹೊಣೆಯನ್ನೂ ಹೊರಿಸಿದೆ. ಸ್ವಾತಂತ್ರ್ಯವನ್ನು ಎಲ್ಲರೂ ಅಂದೇ ಬಳಸಿಕೊಂಡರು. ಹೊಣೆಯನ್ನು ಹೇಗೆ ಹೊರಬೇಕು ಎಂಬ ಚರ್ಚೆ ಮಾತ್ರ ಇಂದಿಗೂ ಮುಗಿದಿಲ್ಲ.

ಆಳದ ಮೀನು ಮೇಲಿನ ಮೀನಿನಂತಲ್ಲ. ನಮ್ಮ ಮಾರುಕಟ್ಟೆಗೆ ಐಸಿನ ಪೆಟ್ಟಿಗೆಯಲ್ಲಿ ಬರುವ ಬೂತಾಯಿ ಒಂದು ವರ್ಷದೊಳಗೇ ಮೊಟ್ಟೆಯಿಡುವಷ್ಟು ಬಲಿಯುತ್ತದೆ. ಒಂದೆರಡು ಋತು ಮಳೆ ಚೆನ್ನಾಗಿ ಆಗಿ ಕಡಲು ಅನುಕೂಲವಾದರೆ ಕುಸಿದ ಸಂತತಿ ಮತ್ತೆ ತಲೆಯೆತ್ತಬಹುದು. ಆದರೆ 500ರಿಂದ 1,500 ಮೀಟರ್ ಆಳದಲ್ಲಿ ಬೆಳಕಿಲ್ಲ, ಚಳಿ ಹೆಚ್ಚು, ಆಹಾರ ವಿರಳ. ಅಲ್ಲಿನ ಜೀವಿಗಳು ನಿಧಾನವಾಗಿ ಬೆಳೆಯುತ್ತವೆ, ತಡವಾಗಿ ಮರಿಮಾಡುತ್ತವೆ, ಬಹಳ ಕಾಲ ಬದುಕುತ್ತವೆ. ಆರೆಂಜ್ ರಫಿ ಎಂಬ ಇಟ್ಟಿಗೆಗೆಂಪು ಬಣ್ಣದ, ದಪ್ಪ ತಲೆಯ ಮೀನು ಇದಕ್ಕೆ ಹೆಸರುವಾಸಿ. ಉದ್ದ ಸಾಮಾನ್ಯವಾಗಿ ಒಂದು ಒಂದೂವರೆ ಅಡಿ. 1970ರ ದಶಕದ ಕೊನೆಯಲ್ಲಿ ನ್ಯೂಜಿಲೆಂಡ್ ಬಳಿಯ ಸಮುದ್ರದಡಿಯ ಬೆಟ್ಟಗಳ ಮೇಲೆ ಇವುಗಳ ದೊಡ್ಡ ಗುಂಪುಗಳು ಸಿಕ್ಕಾಗ, ಈ ಮೀನು ಇಪ್ಪತ್ತು ಮೂವತ್ತು ವರ್ಷ ಬದುಕಬಹುದು ಎಂದು ಭಾವಿಸಿ ಹಿಡಿಯುವ ಮಿತಿ ನಿಗದಿ ಮಾಡಿದರು.

ಮೀನಿನ ಕಿವಿಯೊಳಗೆ ಒಂದು ಪುಟ್ಟ ಸುಣ್ಣದ ಹರಳು ಇರುತ್ತದೆ. ಅದನ್ನು ತೆಗೆದು, ರಾಳದಲ್ಲಿ ಕೂರಿಸಿ, ವಜ್ರದ ಗರಗಸದಿಂದ ಕೂದಲಿನಷ್ಟು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ವರ್ಷಕ್ಕೊಂದರಂತೆ ಗೆರೆಗಳು ಕಾಣುತ್ತವೆ. ಆರೆಂಜ್ ರಫಿಯ ಹರಳನ್ನು ಹೀಗೆ ಎಣಿಸುತ್ತ ಹೋದವರಿಗೆ ಗೆರೆಗಳು ನೂರು ದಾಟಿದವು. ಹರಳಿನಲ್ಲಿರುವ ವಿಕಿರಣಶೀಲ ಧಾತುಗಳ ಪ್ರಮಾಣ ಅಳೆದು ನೋಡಿದಾಗಲೂ ಅದೇ ಉತ್ತರ ಬಂತು. ಈ ಮೀನು ಮರಿಮಾಡುವ ವಯಸ್ಸಿಗೆ ಬರಲು ಇಪ್ಪತ್ತೈದು ಮೂವತ್ತು ವರ್ಷ ಬೇಕು. ಇನ್ನೂರು ವರ್ಷ ದಾಟಿ ಬದುಕಿದವೂ ಇವೆ. ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿ ತೋಡಲು ಹೊರಟದ್ದು 1880ರ ದಶಕದಲ್ಲಿ. ಆ ಗಣಿ ಮುಚ್ಚಿದ್ದು 2001ರಲ್ಲಿ. ಗಣಿ ಶುರುವಾಗುವ ಮೊದಲೇ ಹುಟ್ಟಿ, ಅದು ಮುಚ್ಚುವ ಹೊತ್ತಿಗೂ ಬದುಕಿರಬಹುದಾಗಿದ್ದ ಮೀನುಗಳನ್ನು 1980 ಮತ್ತು 90ರ ದಶಕಗಳಲ್ಲಿ ಟನ್ನುಗಟ್ಟಲೆ ಹಿಡಿದು, ತಲೆ ಚರ್ಮ ತೆಗೆದು, ಬಿಳಿ ಮಾಂಸದ ತುಂಡುಗಳಾಗಿ ಅಮೆರಿಕದ ಅಂಗಡಿಗಳಿಗೆ ಕಳಿಸಿದರು.

ವಯಸ್ಸು ಗೊತ್ತಾಗುವಷ್ಟರಲ್ಲಿ ಹಾನಿ ಆಗಿಹೋಗಿತ್ತು. ಮೊಟ್ಟೆಯಿಡುವ ಕಾಲಕ್ಕೆ ಈ ಮೀನುಗಳು ಬೆಟ್ಟದ ನೆತ್ತಿಯ ಸುತ್ತ ಒತ್ತೊತ್ತಾಗಿ ಸೇರುತ್ತವೆ. ಎಲ್ಲಿ ಸೇರಿವೆ ಎಂದು ಒಮ್ಮೆ ಗೊತ್ತಾದರೆ ಕೆಲವೇ ನಿಮಿಷಗಳ ಒಂದು ಎಳೆತದಲ್ಲಿ ಹತ್ತಾರು ಟನ್ ಬಲೆಗೆ ಬೀಳುತ್ತದೆ. ಒಂದು ಬೆಟ್ಟ ಬರಿದಾದರೆ ಹಡಗು ಮುಂದಿನ ಬೆಟ್ಟಕ್ಕೆ ಹೋಗುತ್ತದೆ. ಒಟ್ಟು ಹಿಡಿದ ಮೀನಿನ ಲೆಕ್ಕ ನೋಡಿದರೆ ಎಲ್ಲವೂ ಸರಿಯಾಗಿಯೇ ಇದೆ ಎನಿಸುತ್ತದೆ, ಬೆಟ್ಟಗಳೆಲ್ಲ ಮುಗಿಯುವವರೆಗೂ. ನಮೀಬಿಯಾ 1990ರ ದಶಕದಲ್ಲಿ ತನ್ನದೇ ವಲಯದೊಳಗೆ, ವಿಜ್ಞಾನಿಗಳನ್ನು ಇಟ್ಟುಕೊಂಡು, ಮಿತಿ ಹಾಕಿ ಈ ಮೀನುಗಾರಿಕೆ ನಡೆಸಿತು. ಆರೇಳು ವರ್ಷಗಳಲ್ಲಿ ಅದು ಕುಸಿಯಿತು. ಒಬ್ಬ ಯಜಮಾನ ಇದ್ದ ಕಡೆಯೇ ಹೀಗಾದರೆ ಯಜಮಾನನಿಲ್ಲದ ಕಡೆ ಏನಾಗಬೇಕು?

ಅದಕ್ಕೆ ಉತ್ತರ ನಮ್ಮ ಹಿಂದೂ ಮಹಾಸಾಗರದಲ್ಲೇ ಸಿಕ್ಕಿತು. 1999 ಮತ್ತು 2000ದಲ್ಲಿ, ಮಡಗಾಸ್ಕರ್‌ನ ದಕ್ಷಿಣಕ್ಕೆ, ಅಂತರರಾಷ್ಟ್ರೀಯ ಸಾಗರದ ಬೆಟ್ಟಸಾಲುಗಳ ಮೇಲೆ ಆರೆಂಜ್ ರಫಿ ಸಿಕ್ಕಿದೆ ಎಂಬ ಸುದ್ದಿ ಹರಡಿತು. ಬಲೆ ಎಳೆದುಕೊಂಡು ಹೋಗುವ ಹತ್ತಾರು ಟ್ರಾಲರ್ ಹಡಗುಗಳು ಬೇರೆ ಬೇರೆ ದೇಶಗಳ ಧ್ವಜ ಹಾರಿಸಿಕೊಂಡು ಧಾವಿಸಿದವು. ಆ ಭಾಗದ ತಳದ ಮೀನುಗಳನ್ನು ನೋಡಿಕೊಳ್ಳುವ ಒಂದು ಸಂಸ್ಥೆಯೂ ಆಗ ಇರಲಿಲ್ಲ. ಎಷ್ಟು ಹಿಡಿದರು ಎಂದು ಬರೆದು ಒಪ್ಪಿಸಬೇಕೆಂಬ ನಿಯಮವೂ ಇರಲಿಲ್ಲ. ಎರಡು ಮೂರು ವರ್ಷಗಳಲ್ಲಿ ಹೆಚ್ಚಿನ ಹಡಗುಗಳು ಖಾಲಿ ಕೈಯಲ್ಲಿ ಜಾಗ ಬಿಟ್ಟವು. ದಕ್ಷಿಣ ಹಿಂದೂ ಮಹಾಸಾಗರ ಮೀನುಗಾರಿಕಾ ಒಪ್ಪಂದಕ್ಕೆ ಸಹಿ ಬಿದ್ದದ್ದು 2006ರಲ್ಲಿ, ಜಾರಿಗೆ ಬಂದದ್ದು 2012ರಲ್ಲಿ. ಅಟ್ಲಾಂಟಿಸ್ ಬ್ಯಾಂಕ್, ವಾಲ್ಟರ್ಸ್ ಶೋಲ್ ಸೇರಿದಂತೆ ಐದು ಜಾಗಗಳಲ್ಲಿ ಆ ಸಂಸ್ಥೆ ತಳ ಗುಡಿಸುವ ಟ್ರಾಲಿಂಗ್ ನಿಲ್ಲಿಸಿದ್ದು 2018ರಲ್ಲಿ. ಮೀನು ಹಿಡಿಯಲು ಮೂರು ವರ್ಷ ಸಾಕಾಯಿತು, ಬೀಗ ಹುಡುಕಲು ಹದಿನೆಂಟು ವರ್ಷ ಬೇಕಾಯಿತು. ಇಡೀ ಸಮಸ್ಯೆಯ ಗಾತ್ರ ತಿಳಿಯಲು ಈ ಎರಡು ಅಂಕಿಗಳು ಸಾಕು.

ಮೀನಿನ ಜೊತೆ ಹೋಗುವುದು ಇನ್ನೊಂದಿದೆ. ತಳ ಗುಡಿಸುವ ಬಲೆಯ ಬಾಯಿಯನ್ನು ಅಗಲವಾಗಿ ಹಿಡಿದಿಡಲು ಎರಡು ಪಕ್ಕದಲ್ಲೂ ಟನ್ ತೂಕದ ಉಕ್ಕಿನ ಹಲಗೆಗಳಿರುತ್ತವೆ. ಕೆಳ ಅಂಚಿನಲ್ಲಿ ಕಲ್ಲಿನ ಮೇಲೂ ಉರುಳಿಕೊಂಡು ಹೋಗುವ ರಬ್ಬರ್, ಉಕ್ಕಿನ ಚಕ್ರಗಳು. ಸಮುದ್ರದಡಿಯ ಬೆಟ್ಟದ ಮೇಲೆ ಇವು ಹಾದುಹೋದರೆ ಹವಳ, ಸ್ಪಂಜುಗಳು ಬುಡಸಮೇತ ಮುರಿಯುತ್ತವೆ. ಹವಾಯಿ ಬಳಿಯ ಆಳದಲ್ಲಿ ಸಿಕ್ಕ ಒಂದು ಕಪ್ಪು ಹವಳಕ್ಕೆ ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ ಎಂದು ಇಂಗಾಲದ ಪರೀಕ್ಷೆ ಹೇಳಿತ್ತು. ಅಂಥದ್ದು ಮುರಿದರೆ ಮರಳಿ ಬೆಳೆಯುವ ಮಾತೇ ಇಲ್ಲ. ವಿಶ್ವಸಂಸ್ಥೆಯ ಮಹಾಸಭೆ 2006ರ ಡಿಸೆಂಬರ್‌ನ ನಿರ್ಣಯದಲ್ಲಿ, ಇಂಥ ಸೂಕ್ಷ್ಮ ತಾಣಗಳನ್ನು ಗುರುತಿಸಿ, ಹಾನಿಯನ್ನು ತಡೆಯಲಾಗದಿದ್ದರೆ ಅಲ್ಲಿ ಮೀನುಗಾರಿಕೆಗೆ ಅನುಮತಿ ಕೊಡಬಾರದು ಎಂದಿತು. 2008ರಲ್ಲಿ ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆ ಅದಕ್ಕೆ ವಿವರವಾದ ಮಾರ್ಗಸೂಚಿ ಕೊಟ್ಟಿತು. ಒಳ್ಳೆಯ ದಾಖಲೆಗಳು. ಆದರೆ ಆಚರಣೆಯಲ್ಲಿ ಹಲವು ಕಡೆ ಉಳಿದದ್ದು ‘ಜಾಗ ಬಿಟ್ಟು ಸರಿಯಿರಿ’ ಎಂಬ ನಿಯಮ: ಬಲೆಯಲ್ಲಿ ಇಂತಿಷ್ಟು ಕಿಲೋಗಿಂತ ಹೆಚ್ಚು ಹವಳ ಬಂದರೆ ಹಡಗು ಒಂದೆರಡು ನಾಟಿಕಲ್ ಮೈಲಿ ಆಚೆ ಹೋಗಬೇಕು. ಹವಳ ಹಡಗಿನ ಮೇಲೆ ಬಂದು ಬಿದ್ದಿದೆ ಎಂದರೆ ಕೆಳಗೆ ಕೆಲಸ ಮುಗಿದಿದೆ ಎಂದೇ ಅರ್ಥ. ಇಷ್ಟೆಲ್ಲ ನಾಶ ಮಾಡಿ ಸಿಗುವುದಾದರೂ ಎಷ್ಟು? ಅಂತರರಾಷ್ಟ್ರೀಯ ಸಾಗರದ ತಳದಿಂದ ಬರುವ ಮೀನು ಜಗತ್ತಿನ ಒಟ್ಟು ಕಡಲ ಹಿಡಿತದಲ್ಲಿ ಶೇಕಡಾ ಒಂದಕ್ಕೂ ಕಡಿಮೆ. ಅದು ಬಡವರ ತಟ್ಟೆಗೆ ಬರುವ ಮೀನೂ ಅಲ್ಲ.

ನಿಯಮ ಮುರಿಯುವುದು ಹೇಗಿರುತ್ತದೆ ಎಂಬುದಕ್ಕೆ ಒಂದು ಬಲೆಯ ಕಥೆ ಹೇಳಲೇಬೇಕು. ಕೆನಡಾದ ನ್ಯೂಫೌಂಡ್‌ಲೆಂಡ್ ತೀರದ ಕಾಡ್ ಮೀನು 1992ರ ಹೊತ್ತಿಗೆ ಪೂರ್ತಿ ಕುಸಿದು, ಅಲ್ಲಿನ ಸರ್ಕಾರ ಸಾವಿರಾರು ಮೀನುಗಾರರನ್ನು ಮನೆಗೆ ಕಳಿಸಿ ಮೀನುಗಾರಿಕೆ ಮುಚ್ಚಿತ್ತು. ಆದರೆ ಅಲ್ಲಿನ ಮೀನುಗಳಿಗೆ 200 ಮೈಲಿಯ ಗಡಿ ಗೊತ್ತಿಲ್ಲ. ಗಡಿಯಾಚೆ ಐರೋಪ್ಯ ಹಡಗುಗಳು ಟರ್ಬೋಟ್ ಎಂಬ ಇನ್ನೊಂದು ತಳದ ಮೀನನ್ನು ಹಿಡಿಯುತ್ತಲೇ ಇದ್ದವು. 1995ರ ಮಾರ್ಚ್ 9ರಂದು ಕೆನಡಾದ ಗಸ್ತು ಹಡಗು ಅಂತರರಾಷ್ಟ್ರೀಯ ಸಾಗರದಲ್ಲೇ ‘ಎಸ್ತಾಯ್’ ಎಂಬ ಸ್ಪೇನಿನ ಟ್ರಾಲರ್ ಬೆನ್ನಟ್ಟಿ, ಎಚ್ಚರಿಕೆಯ ಗುಂಡು ಹಾರಿಸಿ, ಹಿಡಿದು ತಂದಿತು. ಓಡುವಾಗ ಎಸ್ತಾಯ್ ತನ್ನ ಬಲೆಯನ್ನು ಕತ್ತರಿಸಿ ನೀರಿಗೆ ಬಿಟ್ಟಿತ್ತು. ಕೆನಡಾದವರು ಅದನ್ನು ತಳದಿಂದ ಹುಡುಕಿ ಎತ್ತಿಸಿದರು. ಹೊರಗಿನ ಬಲೆಯ ಒಳಗೆ ಇನ್ನೂ ಸಣ್ಣ ಕಣ್ಣಿನ ಮತ್ತೊಂದು ಬಲೆಯ ಪದರ ಹೊಲಿದಿತ್ತು. ಮರಿಮೀನು ಕೂಡ ತಪ್ಪಿಸಿಕೊಳ್ಳದಂತೆ. ಆ ಬಲೆಯನ್ನು ನ್ಯೂಯಾರ್ಕಿಗೆ ಸಾಗಿಸಿ, ವಿಶ್ವಸಂಸ್ಥೆಯ ಕಟ್ಟಡದೆದುರಿನ ನದಿಯಲ್ಲಿ ದೋಣಿಯ ಮೇಲೆ ತೂಗುಹಾಕಿ, ಕೆನಡಾದ ಮೀನುಗಾರಿಕಾ ಸಚಿವ ಬ್ರಯಾನ್ ಟೋಬಿನ್ ಪತ್ರಕರ್ತರಿಗೆ ತೋರಿಸಿದರು. ಒಳಗೆ ಆಗ ಇದೇ ವಿಷಯದ ಮಾತುಕತೆ ನಡೆಯುತ್ತಿತ್ತು. ಅದೇ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಮೀನು ಸಂತತಿ ಒಪ್ಪಂದ ಅಂಗೀಕಾರವಾಯಿತು. ಗಡಿ ದಾಟಿ ಓಡಾಡುವ ಮೀನುಗಳನ್ನು ಪ್ರಾದೇಶಿಕ ಸಂಸ್ಥೆಗಳ ಮೂಲಕವೇ ನಿರ್ವಹಿಸಬೇಕು, ಮಾಹಿತಿ ಸಾಲದಿದ್ದರೆ ಹೆಚ್ಚು ಎಚ್ಚರ ವಹಿಸಬೇಕು ಎಂದು ಅದು ಹೇಳುತ್ತದೆ. 2001ರಲ್ಲಿ ಜಾರಿಗೆ ಬಂದ ಈ ಒಪ್ಪಂದಕ್ಕೆ ಭಾರತ 2003ರಲ್ಲಿ ಸೇರಿತು.

ಹಾಗಾದರೆ ಕಾನೂನು ಇದೆ, ಸಂಸ್ಥೆಗಳಿವೆ, ತೊಡಕೇನು? ತೊಡಕು ಅಧಿಕಾರದ ಜಾಗದಲ್ಲಿದೆ. ಅಂತರರಾಷ್ಟ್ರೀಯ ಸಾಗರದಲ್ಲಿ ಹಡಗಿನ ಮೇಲೆ ನಡೆಯುವುದು ಅದು ಯಾವ ದೇಶದ ಧ್ವಜ ಹಾರಿಸುತ್ತದೋ ಆ ದೇಶದ ಕಾನೂನು. ಧ್ವಜವನ್ನು ಹಣ ಕೊಟ್ಟು ಪಡೆಯಬಹುದು, ಬೇಡವಾದಾಗ ಬದಲಿಸಬಹುದು. ಅಂಟಾರ್ಕ್ಟಿಕಾ ಸುತ್ತಲಿನ ಟೂತ್‌ಫಿಶ್ ಎಂಬ ದುಬಾರಿ ಆಳದ ಮೀನನ್ನು ಕದಿಯುತ್ತಿದ್ದ ‘ಥಂಡರ್’ ಹಡಗು ಹೆಸರನ್ನೂ ಧ್ವಜವನ್ನೂ ಹಲವು ಬಾರಿ ಬದಲಿಸಿ ವರ್ಷಗಟ್ಟಲೆ ತಪ್ಪಿಸಿಕೊಂಡಿತ್ತು. ಕೊನೆಗೆ 2014ರ ಡಿಸೆಂಬರ್‌ನಲ್ಲಿ ಸೀ ಶೆಫರ್ಡ್ ಸಂಘಟನೆಯ ಹಡಗು ಅದನ್ನು ಪತ್ತೆ ಮಾಡಿ 110 ದಿನ ಬೆನ್ನು ಬಿಡದೆ ಹಿಂಬಾಲಿಸಿತು. ಆಫ್ರಿಕದ ಸಾವೊ ತೊಮೆ ಬಳಿ ಥಂಡರ್ ಮುಳುಗಿತು. ಕದ್ದ ಮೀನು ಹಿಡಿಯಲು ಒಂದು ಸ್ವಯಂಸೇವಾ ಸಂಘಟನೆ ಮೂರು ಸಾಗರ ದಾಟಬೇಕಾಗಿ ಬಂದದ್ದು ಸರ್ಕಾರಗಳಿಗೆ ಗೌರವ ತರುವ ಸಂಗತಿಯಲ್ಲ.

ಎರಡನೆಯದು ತೀರ್ಮಾನ ಕೈಗೊಳ್ಳುವ ರೀತಿ. ಪ್ರಾದೇಶಿಕ ಸಂಸ್ಥೆಗಳಲ್ಲಿ ಹಲವು ಒಮ್ಮತದ ಮೇಲೆ ನಡೆಯುತ್ತವೆ. ಒಂದು ದೇಶ ಬೇಡ ಎಂದರೆ ಪ್ರಸ್ತಾಪ ಬಿದ್ದುಹೋಗುತ್ತದೆ. ಅಂಟಾರ್ಕ್ಟಿಕಾದ ಪೂರ್ವ ಭಾಗದಲ್ಲಿ ಸಂರಕ್ಷಿತ ಪ್ರದೇಶ ಮಾಡುವ ಪ್ರಸ್ತಾಪವನ್ನು ರಷ್ಯಾ ಮತ್ತು ಚೀನಾ ವರ್ಷಗಳಿಂದ ಹೀಗೆಯೇ ತಡೆದಿವೆ. ಭಾರತ 2021ರಲ್ಲಿ ಅದಕ್ಕೆ ಸಹಪ್ರಾಯೋಜಕನಾಗಿ ಬೆಂಬಲ ಕೊಟ್ಟಿತು ಎಂಬುದು ನನಗೆ ಹೆಮ್ಮೆಯ ವಿಷಯ. ಇನ್ನು ಕೆಲವು ಸಂಸ್ಥೆಗಳಲ್ಲಿ ಬಹುಮತದ ನಿರ್ಣಯವಾಗುತ್ತದೆ, ಆದರೆ ‘ನನಗೆ ಆಕ್ಷೇಪವಿದೆ’ ಎಂದು ಬರೆದುಕೊಟ್ಟ ದೇಶಕ್ಕೆ ಅದು ಅನ್ವಯಿಸುವುದಿಲ್ಲ. ಸೀಶೆಲ್ಸ್‌ನ ವಿಕ್ಟೋರಿಯಾದಲ್ಲಿ ಕಚೇರಿ ಇರುವ ಹಿಂದೂ ಮಹಾಸಾಗರ ಟ್ಯೂನಾ ಆಯೋಗದಲ್ಲಿ ನಡೆದದ್ದು ಇದೇ. ಹಳದಿ ರೆಕ್ಕೆಯ ಟ್ಯೂನಾ ಅತಿಯಾಗಿ ಹಿಡಿಯಲ್ಪಟ್ಟಿದೆ ಎಂದು 2015ರಲ್ಲಿ ವಿಜ್ಞಾನಿಗಳು ಹೇಳಿದರು, 2016ರಲ್ಲಿ ಚೇತರಿಕೆಯ ಯೋಜನೆ ಬಂತು, 2021ರಲ್ಲಿ ಕಡಿತ ಬಿಗಿಯಾಯಿತು. ಆಗ ಆಕ್ಷೇಪ ಸಲ್ಲಿಸಿ ಹೊರಗುಳಿದ ದೇಶಗಳಲ್ಲಿ ಭಾರತವೂ ಇತ್ತು.

ಈ ಆಕ್ಷೇಪವನ್ನು ಸುಮ್ಮನೆ ಖಂಡಿಸಿ ಮುಂದೆ ಹೋಗುವುದು ನ್ಯಾಯವಲ್ಲ. ಹಿಂದೂ ಮಹಾಸಾಗರದಲ್ಲಿ 1980ರ ದಶಕದಿಂದ ಸ್ಪೇನ್ ಮತ್ತು ಫ್ರಾನ್ಸಿನ ದೊಡ್ಡ ಹಡಗುಗಳು ತೇಲುವ ಆಕರ್ಷಕಗಳನ್ನು ಬಿಟ್ಟು, ಅವುಗಳ ಕೆಳಗೆ ಸೇರುವ ಮರಿ ಟ್ಯೂನಾಗಳನ್ನೂ ಸೇರಿಸಿ ಬಾಚಿವೆ. ಹಿಂದೆ ಎಷ್ಟು ಹಿಡಿದಿದ್ದೀರಿ ಎಂಬುದರ ಮೇಲೆ ಪಾಲು ನಿಗದಿಯಾದರೆ ಹೆಚ್ಚು ಹಾಳುಮಾಡಿದವರಿಗೇ ಹೆಚ್ಚು ಪಾಲು ಸಿಗುತ್ತದೆ. ಲಕ್ಷದ್ವೀಪದಲ್ಲಿ ಕೋಲು ಗಾಳದಿಂದ ಒಂದೊಂದೇ ಟ್ಯೂನಾ ಎತ್ತುವವರಿಗೂ ಆ ಹಡಗುಗಳಿಗೂ ಒಂದೇ ಅಳತೆಗೋಲು ಸಲ್ಲದು. ನಮ್ಮ ದೂರು ಸರಿ. ಆದರೆ ಹೊರಗುಳಿಯುವುದು ಅದಕ್ಕೆ ಪರಿಹಾರವಲ್ಲ. ಏಕೆಂದರೆ ನಾವು ಹೊರಗುಳಿದ ದಾರಿಯಲ್ಲೇ ಇತರರೂ ಹೊರಗುಳಿಯುತ್ತಾರೆ. ಮಾಲ್ಡೀವ್ಸ್ ಇದೇ ಆಯೋಗದಲ್ಲಿ ಕುಳಿತು, ಸಣ್ಣ ಮೀನುಗಾರರ ಪರವಾಗಿಯೇ ವಾದಿಸುತ್ತ, 2016ರಲ್ಲಿ ಸ್ಕಿಪ್‌ಜ್ಯಾಕ್ ಟ್ಯೂನಾಗೆ ಲೆಕ್ಕಾಚಾರದ ಮಿತಿ ಬರುವಂತೆ ಮಾಡಿತು. ಹಳದಿ ರೆಕ್ಕೆಯ ಟ್ಯೂನಾದ ಸ್ಥಿತಿ ಸುಧಾರಿಸಿದೆ ಎಂದು 2024ರ ಹೊಸ ಅಂದಾಜು ಹೇಳಿದೆ. ಒಳಗೆ ಬಂದು ಪಾಲಿನ ನ್ಯಾಯ ಕೇಳಲು ಭಾರತಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಸಿಗದು.

ಮೂರನೆಯ ತೊಡಕು ನಕಾಶೆಯಲ್ಲಿನ ಖಾಲಿ ಜಾಗ. ಟ್ಯೂನಾ ಆಯೋಗ ನೋಡಿಕೊಳ್ಳುವುದು ಟ್ಯೂನಾ ಮತ್ತು ಅದರ ಬಳಗದ 16 ಜಾತಿಗಳನ್ನು. ದಕ್ಷಿಣ ಹಿಂದೂ ಮಹಾಸಾಗರದ ಒಪ್ಪಂದದ ವ್ಯಾಪ್ತಿ ಅರಬ್ಬಿ ಸಮುದ್ರದ ಉತ್ತರ ಭಾಗಕ್ಕೆ ಬರುವುದಿಲ್ಲ. ಹಾಗಾಗಿ ಒಮನ್, ಯೆಮನ್‌ಗಳಾಚೆಯ ಅಂತರರಾಷ್ಟ್ರೀಯ ಸಾಗರದಲ್ಲಿ ಬೊಂಡಾಸ್ (ಸ್ಕ್ವಿಡ್) ಹಿಡಿಯುವುದಕ್ಕೆ ಕೇಳುವವರೇ ಇಲ್ಲ. ಅಲ್ಲಿ ರಾತ್ರಿ ಪ್ರಖರ ದೀಪ ಹೊತ್ತಿಸಿಕೊಂಡು ಬೊಂಡಾಸ್ ಎತ್ತುವ ಹಡಗುಗಳು, ಬಹುಪಾಲು ಚೀನಾದವು, 2015ರಲ್ಲಿ ಕೆಲವೇ ಹತ್ತುಗಳಷ್ಟಿದ್ದವು. 2019ರ ಹೊತ್ತಿಗೆ ಇನ್ನೂರು ಮೀರಿದವು. ಅವು ಯಾವ ಕಾನೂನನ್ನೂ ಮುರಿಯುತ್ತಿಲ್ಲ. ಮುರಿಯಲು ಅಲ್ಲಿ ಕಾನೂನಿದ್ದರೆ ತಾನೆ! ಮಂಗಳೂರು, ಮಲ್ಪೆಯ ದೋಣಿಗಳಿಗೆ ಬೊಂಡಾಸ್ ಮುಖ್ಯ ಆದಾಯ. ದೂರದ ಆ ದೀಪಗಳಿಗೂ ನಮ್ಮ ತೀರದ ಬಲೆಗೂ ಇರುವ ಸಂಬಂಧವನ್ನು ಅಳೆಯುವ ಕೆಲಸವನ್ನು ಭಾರತ, ಒಮನ್, ಪಾಕಿಸ್ತಾನಗಳು ಕೂಡಿ ಮಾಡಬೇಕಿತ್ತು. ರಾಜಕೀಯ ಅದಕ್ಕೆ ಅಡ್ಡ ನಿಂತಿದೆ.

ಇದೆಲ್ಲವನ್ನೂ ನಡೆಸುತ್ತಿರುವುದು ಸಬ್ಸಿಡಿ. 2018ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಧ್ಯಯನ ಹಡಗುಗಳ ಉಪಗ್ರಹ ದಾಖಲೆ, ಇಂಧನ, ಕೂಲಿ, ಮೀನಿನ ಬೆಲೆ ಎಲ್ಲ ಲೆಕ್ಕ ಹಾಕಿ, ಸರ್ಕಾರಗಳ ಹಣವಿಲ್ಲದಿದ್ದರೆ ಅಂತರರಾಷ್ಟ್ರೀಯ ಸಾಗರದ ಮೀನುಗಾರಿಕಾ ತಾಣಗಳಲ್ಲಿ ಶೇಕಡಾ 54ರಷ್ಟು ನಷ್ಟದಲ್ಲಿರುತ್ತವೆ ಎಂದಿತು. ಚೀನಾ, ತೈವಾನ್, ಜಪಾನ್, ದಕ್ಷಿಣ ಕೊರಿಯಾ, ಸ್ಪೇನ್‌ಗಳ ಹಡಗುಗಳೇ ಅಲ್ಲಿ ಬಹುಪಾಲು. ಎಲ್ಲರಿಗೂ ಸೇರಿದ ಕಡಲು ಎಂದು ಹೇಳಿಕೊಂಡರೂ ಅಲ್ಲಿ ಬಲೆ ಬಿಡಬಲ್ಲವರು ಬೆರಳೆಣಿಕೆಯವರು. ವಿಶ್ವ ವ್ಯಾಪಾರ ಸಂಸ್ಥೆಯ ಮೀನುಗಾರಿಕಾ ಸಬ್ಸಿಡಿ ಒಪ್ಪಂದ 2022ರ ಜೂನ್‌ನಲ್ಲಿ ಜಿನೀವಾದಲ್ಲಿ ಅಂಗೀಕಾರವಾಗಿ 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ಕಳ್ಳ ಮೀನುಗಾರಿಕೆಗೆ, ಅತಿಯಾಗಿ ಹಿಡಿದ ಸಂತತಿಗೆ ಮತ್ತು ಯಾವ ಸಂಸ್ಥೆಯ ವ್ಯಾಪ್ತಿಗೂ ಬಾರದ ಅಂತರರಾಷ್ಟ್ರೀಯ ಸಾಗರದ ಮೀನುಗಾರಿಕೆಗೆ ಸಬ್ಸಿಡಿ ಕೊಡುವಂತಿಲ್ಲ ಎನ್ನುತ್ತದೆ ಅದು. ಕೊನೆಯ ಷರತ್ತು ಅರಬ್ಬಿ ಸಮುದ್ರದ ಬೊಂಡಾಸ್ ಹಡಗುಗಳಿಗೆ ನೇರವಾಗಿ ತಟ್ಟಬೇಕು. ದೂರ ಸಾಗರದ ಹಡಗುಗಳ ಸಬ್ಸಿಡಿಗೆ ಕಡಿವಾಣ ಹಾಕಿ, ನಮ್ಮ ಸಣ್ಣ ಮೀನುಗಾರರಿಗೆ 25 ವರ್ಷ ಕಾಲಾವಕಾಶ ಕೊಡಿ ಎಂದು ಭಾರತ ಕೇಳುತ್ತ ಬಂದಿದೆ. ಇದನ್ನು ನಾನು ಒಪ್ಪುತ್ತೇನೆ. ಆದರೆ ಅದೇ ಸಬ್ಸಿಡಿಯ ಹಾದಿಯಲ್ಲಿ ನಾವೂ ದೊಡ್ಡ ಹಡಗುಗಳನ್ನು ಕಟ್ಟಿಸಿ ಕಳಿಸಿದರೆ ಆ ವಾದಕ್ಕೆ ಬಲವಿರುವುದಿಲ್ಲ.

ಬೀಗ ಮೊದಲು ಎಂಬುದು ಕನಸಿನ ಮಾತಲ್ಲ, ಅದು ಈಗಾಗಲೇ ಆಗಿದೆ. ಉತ್ತರ ಧ್ರುವದ ನಡುವಿನ ಅಂತರರಾಷ್ಟ್ರೀಯ ಸಾಗರ, ಸುಮಾರು 28 ಲಕ್ಷ ಚದರ ಕಿಲೋಮೀಟರ್, ಶತಮಾನಗಳಿಂದ ಹಿಮದಡಿ ಇತ್ತು. ಹಿಮ ಕರಗುತ್ತಿದೆ, ಇನ್ನು ಹಡಗು ಹೋಗಬಹುದು ಎಂದಾದಾಗ ಒಂಬತ್ತು ದೇಶಗಳು ಮತ್ತು ಐರೋಪ್ಯ ಒಕ್ಕೂಟ ಸೇರಿ 2018ರ ಅಕ್ಟೋಬರ್‌ನಲ್ಲಿ ಗ್ರೀನ್‌ಲೆಂಡ್‌ನ ಇಲುಲಿಸ್ಸಾಟ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. 2021ರಲ್ಲಿ ಜಾರಿಗೆ ಬಂದ ಆ ಒಪ್ಪಂದದ ಪ್ರಕಾರ ಮೊದಲ 16 ವರ್ಷ ಅಲ್ಲಿ ವಾಣಿಜ್ಯ ಮೀನುಗಾರಿಕೆ ಇಲ್ಲ. ಮೊದಲು ವಿಜ್ಞಾನಿಗಳು ಹೋಗಿ ನೋಡಬೇಕು. ಒಂದೇ ಒಂದು ವಾಣಿಜ್ಯ ಬಲೆ ಬೀಳುವ ಮೊದಲೇ ಹಾಕಿದ ಬೀಗ ಅದು. ಸಹಿ ಹಾಕಿದವರಲ್ಲಿ ರಷ್ಯಾ, ಅಮೆರಿಕ, ಚೀನಾ ಮೂವರೂ ಇದ್ದಾರೆ. ಅದಕ್ಕೂ ಮೊದಲು, 1991ರಲ್ಲಿ, ಅಂತರರಾಷ್ಟ್ರೀಯ ಸಾಗರದಲ್ಲಿ ಮೈಲಿಗಟ್ಟಲೆ ಉದ್ದದ ತೇಲುಬಲೆಗಳನ್ನು ನಿಲ್ಲಿಸಬೇಕೆಂದು ವಿಶ್ವಸಂಸ್ಥೆ ಕರೆ ಕೊಟ್ಟಾಗ ಅದು ಬಹುಮಟ್ಟಿಗೆ ನಡೆದಿತ್ತು. 2023ರಲ್ಲಿ ಅಂಗೀಕಾರವಾಗಿ 2026ರ ಜನವರಿ 17ರಂದು ಜಾರಿಗೆ ಬಂದ ಅಂತರರಾಷ್ಟ್ರೀಯ ಸಾಗರ ಜೀವವೈವಿಧ್ಯ ಒಪ್ಪಂದ ಈಗ ಸಂರಕ್ಷಿತ ಪ್ರದೇಶ ಗುರುತಿಸುವ ದಾರಿ ತೆರೆದಿದೆ. ಭಾರತ ಅದಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿತ್ತು. ಆದರೆ ಮೀನುಗಾರಿಕಾ ಸಂಸ್ಥೆಗಳ ಅಧಿಕಾರಕ್ಕೆ ಧಕ್ಕೆ ತರಬಾರದು ಎಂಬ ಮಾತು ಅದರೊಳಗೇ ಇದೆ. ಹಾಗಾಗಿ ಮೀನಿನ ವಿಷಯದಲ್ಲಿ ಅಂತಿಮ ಮಾತು ಇನ್ನೂ ಆ ಹಳೆಯ ಸಂಸ್ಥೆಗಳದೇ.

ನಮ್ಮ ದೇಶಕ್ಕೂ ಒಂದು ಹಳೆಯ ಪಾಠವಿದೆ. 1991ರಲ್ಲಿ ಕೇಂದ್ರ ಸರ್ಕಾರ ಆಳಸಮುದ್ರ ನೀತಿ ತಂದು ವಿದೇಶಿ ಹಡಗುಗಳಿಗೆ ಜಂಟಿ ಉದ್ಯಮದ ಹೆಸರಿನಲ್ಲಿ ಬಾಗಿಲು ತೆರೆಯಿತು. ಥಾಮಸ್ ಕೊಚ್ಚೇರಿಯವರ ನಾಯಕತ್ವದಲ್ಲಿ ದೇಶದ ಕರಾವಳಿಯ ಮೀನುಗಾರರು ಮುಷ್ಕರ ಹೂಡಿದರು, ಮುರಾರಿ ಸಮಿತಿ ನೇಮಕವಾಯಿತು, ಪರವಾನಗಿಗಳನ್ನು ರದ್ದು ಮಾಡಿ ಎಂದು ಅದು 1996ರಲ್ಲಿ ಶಿಫಾರಸು ಮಾಡಿತು. ವ್ಯವಸ್ಥೆ ಪೂರ್ತಿ ಕೊನೆಯಾಗಲು 2017 ಬರಬೇಕಾಯಿತು. ಈಗಿನ 2025ರ ನಿಯಮಗಳು ಆ ದೃಷ್ಟಿಯಿಂದ ಉತ್ತಮ: ವಿದೇಶಿ ಹಡಗುಗಳಿಗೆ ಅವಕಾಶವಿಲ್ಲ, ಸಹಕಾರ ಸಂಘಗಳಿಗೆ ಆದ್ಯತೆ, ದೀಪ ಹಾಕಿ ಹಿಡಿಯುವುದು ಮತ್ತು ಎರಡು ದೋಣಿ ಸೇರಿ ಒಂದೇ ಬಲೆ ಎಳೆಯುವ ಜೋಡಿ ಟ್ರಾಲಿಂಗ್ ನಿಷೇಧ. ಕನ್ಯಾಕುಮಾರಿ ಜಿಲ್ಲೆಯ ತೂತ್ತೂರು ಕಡೆಯವರು ಯಾವ ಯೋಜನೆಯನ್ನೂ ಕಾಯದೆ ಮರದ ದೋಣಿಗಳಲ್ಲೇ ಅರಬ್ಬಿ ಸಮುದ್ರದ ಆಚೆ ತುದಿಯವರೆಗೆ ಹೋಗಿ ಟ್ಯೂನಾ, ಶಾರ್ಕ್ ಹಿಡಿಯುತ್ತ ಬಂದಿದ್ದಾರೆ. ಆಳಸಮುದ್ರದ ಪರವಾನಗಿ ಕೊಡುವುದಾದರೆ ಮೊದಲು ಅವರಿಗೆ ಕೊಡಬೇಕು.

ಕೋಲಾರದವನಾಗಿ ನನ್ನ ಆತಂಕ ಇರುವುದು ಬೇರೊಂದು ಮೀನಿನ ಮೇಲೆ. ಅರಬ್ಬಿ ಸಮುದ್ರದಲ್ಲಿ 200ರಿಂದ 1,000 ಮೀಟರ್ ನಡುವಿನ ಮಬ್ಬಿನಲ್ಲಿ ಲ್ಯಾಂಟರ್ನ್ ಮೀನು ಎಂಬ ಬೆರಳುದ್ದದ ಮೀನುಗಳು ಅಪಾರವಾಗಿವೆ. ಹೊಟ್ಟೆಯ ಮೇಲೆ ಸಣ್ಣ ಬೆಳಕಿನ ಚುಕ್ಕಿಗಳು. ಹಗಲು ಆಮ್ಲಜನಕ ಕಡಿಮೆ ಇರುವ ಪದರದಲ್ಲಿ ಬೇಟೆಗಾರರಿಂದ ಅಡಗಿರುತ್ತವೆ. ರಾತ್ರಿ ಮೇಲೆ ಬಂದು ತಿಂದು, ಬೆಳಗಾಗುವ ಮೊದಲು ಮತ್ತೆ ಇಳಿಯುತ್ತವೆ. ಈ ದಿನನಿತ್ಯದ ಇಳಿತದಲ್ಲಿ ಮೇಲಿನ ಇಂಗಾಲ ಆಳಕ್ಕೆ ಸೇರುತ್ತದೆ. ಟ್ಯೂನಾ, ಬೊಂಡಾಸ್‌ಗಳಿಗೆ ಇವೇ ಆಹಾರ. 1970ರ ದಶಕದಲ್ಲಿ ನಾರ್ವೆಯ ಸಂಶೋಧನಾ ಹಡಗು ಫ್ರಿಟ್‌ಯೋಫ್ ನಾನ್ಸೆನ್, ಆಮೇಲೆ ನಮ್ಮ ಸಾಗರ್ ಸಂಪದಾ ಇವುಗಳ ಸಮೀಕ್ಷೆ ನಡೆಸಿವೆ. ಎಷ್ಟಿವೆ ಎಂಬ ಅಂದಾಜುಗಳಲ್ಲಿ ಅಜಗಜಾಂತರವಿದೆ.

ಮನುಷ್ಯರು ಈ ಮೀನನ್ನು ತಿನ್ನುವುದು ಅಪರೂಪ. ಹಿಡಿದರೆ ಹೋಗುವುದು ಮೀನಿನ ಪುಡಿಗೆ, ಎಣ್ಣೆಗೆ. ಉಳ್ಳಾಲದ ಕಡೆ ಈಗಾಗಲೇ ಬೂತಾಯಿ ಮತ್ತು ಸಣ್ಣಪುಟ್ಟ ಮೀನನ್ನು ಅರೆಯುವ ಕಾರ್ಖಾನೆಗಳಿವೆ. ಆ ಪುಡಿ ಕೋಳಿ ಮತ್ತು ಮೀನು ಸಾಕಣೆಯ ಆಹಾರಕ್ಕೆ ಸೇರುತ್ತದೆ, ಮಾಲೂರು, ಕೋಲಾರದ ಕಡೆಯ ಕೋಳಿ ಶೆಡ್ಡುಗಳು ಕೊಳ್ಳುವಂಥ ಆಹಾರಕ್ಕೆ. ತೀರದ ಬೂತಾಯಿ ಸಾಲದಾದಾಗ ಕಣ್ಣು ಲ್ಯಾಂಟರ್ನ್ ಮೀನಿನ ಮೇಲೆ ಬೀಳುವುದು ಸಹಜ. ‘ಬಳಕೆಯಾಗದೆ ಉಳಿದ ಸಂಪತ್ತು’ ಎಂಬ ಮಾತು ಸರ್ಕಾರಿ ಕಡತಗಳಲ್ಲಿ ಆಗಲೇ ಓಡಾಡುತ್ತಿದೆ. ಟ್ಯೂನಾದ ಊಟವನ್ನು ಅರೆದು ಕೋಳಿಗೆ ಹಾಕಿ, ಟ್ಯೂನಾ ಕಡಿಮೆಯಾಯಿತು ಎಂದು ಇನ್ನೂ ದೂರ ಹೋಗುವ ಆ ದಾರಿ ನಮಗೆ ಬೇಡ. ಅಮೆರಿಕ ತನ್ನ ಪಶ್ಚಿಮ ತೀರದ ವಲಯದಲ್ಲಿ ಇಂಥ ಆಹಾರಮೀನುಗಳ ಹೊಸ ಮೀನುಗಾರಿಕೆಯನ್ನು, ಶುರುವಾಗುವ ಮೊದಲೇ, 2016ರಲ್ಲಿ ನಿಷೇಧಿಸಿತು.

ಭಾರತ ಇದನ್ನು ನಾಳೆಯೇ ಮಾಡಬಹುದು, ಯಾರ ಒಮ್ಮತವೂ ಬೇಕಿಲ್ಲ. ಅಂತರರಾಷ್ಟ್ರೀಯ ಸಾಗರದಲ್ಲಿ ನಮ್ಮ ಧ್ವಜದ ಹಡಗಿಗೆ ನಮ್ಮ ಕಾನೂನೇ ಕಾನೂನು. ಹಾಗಾಗಿ ಪರವಾನಗಿಯ ಷರತ್ತುಗಳಲ್ಲೇ ಬರೆದುಬಿಡಬೇಕು: ತಳ ಗುಡಿಸುವ ಬಲೆ ಇಲ್ಲ, ಸ್ವತಂತ್ರ ಸಮೀಕ್ಷೆ ಮುಗಿದು ಪ್ರಕಟವಾಗುವವರೆಗೆ ಲ್ಯಾಂಟರ್ನ್ ಮೀನಿಗೆ ವಾಣಿಜ್ಯ ಬಲೆ ಇಲ್ಲ, ಹಿಡಿದದ್ದೆಲ್ಲವನ್ನೂ ಬಂದರಿನಲ್ಲಿ ತೂಗಿ ಲೆಕ್ಕ ಬಹಿರಂಗಪಡಿಸಬೇಕು. ಟ್ಯೂನಾ ಆಯೋಗ ಈಗ ಕೇಳುವುದು ದೊಡ್ಡ ಹಡಗುಗಳ ಕಾರ್ಯಾಚರಣೆಯಲ್ಲಿ ಕನಿಷ್ಠ ಶೇಕಡಾ 5ರಷ್ಟರಲ್ಲಿ ವೀಕ್ಷಕರಿರಬೇಕು ಎಂದು ಮಾತ್ರ. ಉಳಿದ 95ರಲ್ಲಿ ಏನು ಸಿಕ್ಕಿತು, ಏನನ್ನು ನೀರಿಗೆ ಎಸೆದರು ಎಂಬುದಕ್ಕೆ ಹಡಗಿನವರು ಬರೆದದ್ದೇ ಸಾಕ್ಷಿ. ನಮ್ಮ ಆಳಸಮುದ್ರ ಹಡಗುಗಳು ಇನ್ನೂ ಬೆರಳೆಣಿಕೆಯಲ್ಲಿರುವಾಗಲೇ ಪ್ರತಿಯೊಂದರಲ್ಲೂ ಒಬ್ಬ ವೀಕ್ಷಕರನ್ನೋ ಕ್ಯಾಮೆರಾವನ್ನೋ ಕಡ್ಡಾಯ ಮಾಡುವುದು ಸುಲಭ. ನೂರಾರು ಹಡಗು ಕಟ್ಟಿ, ಸಾಲ ಕೊಟ್ಟು, ಮಾಲೀಕರ ಸಂಘ ಹುಟ್ಟಿದ ಮೇಲೆ ಯಾವ ಸಚಿವರೂ ಆ ಷರತ್ತನ್ನು ಸೇರಿಸಲಾರರು.